ಬಡವನ ಅಹವಾಲನ್ನು ಕೇಳುವವನು



ಯೆರೂಸಲೇಮಿನ ಮೊದಲನೆಯ ಸಭೆಯಲ್ಲಿ ಎದ್ದ ಗುಣುಗುಟ್ಟುವಿಕೆಯು ಉಪದೇಶದ ವಿಷಯವಾಗಿ ಅಲ್ಲ, ಅನ್ನದ ವಿಷಯವಾಗಿ ಎದ್ದಿತೆಂಬದನ್ನು ನಾವು ಮರೆಯಬಾರದು. ಅಪೊಸ್ತಲರ ಕೃತ್ಯಗಳ ೬ನೆಯ ಅಧ್ಯಾಯವನ್ನು ತೆರೆದು ನೋಡಿರಿ. ದಿನದಿನದ ಹಂಚಿಕೆಯಲ್ಲಿ ತಮ್ಮ ಕಡೆಯ ವಿಧವೆಯರು ತಪ್ಪಿಹೋಗುತ್ತಾರೆಂದು ಗ್ರೀಕ್ ಮಾತನಾಡುವವರು ದೂರು ಹೇಳಿದರು. ಅಪೊಸ್ತಲರು ಅದನ್ನು ಕೇಳಿ, ದಾನ ತೆಗೆದುಕೊಳ್ಳುವವರು ಸಿಕ್ಕಿದ್ದಕ್ಕೆ ಸ್ತೋತ್ರ ಹೇಳಿ ಸುಮ್ಮನಿರಬೇಕು ಎಂದು ಗದರಿಸಲಿಲ್ಲ. ಅವರು ಸಭೆಯನ್ನೆಲ್ಲಾ ಕೂಡಿಸಿ, ಒಳ್ಳೇ ಹೆಸರೂ ಆತ್ಮವೂ ಜ್ಞಾನವೂ ಉಳ್ಳ ಏಳು ಮಂದಿಯನ್ನು ಆ ಕೆಲಸಕ್ಕೆ ನೇಮಿಸಿದರು. ಆ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರು ಹೇಳಿದವರ ಭಾಷೆಯನ್ನು ಬಲ್ಲವರೇ ದೂರನ್ನು ತೀರಿಸುವವರಾದರೆಂದು ಇದರಿಂದ ತೋರುತ್ತದೆ.

ಇದರಿಂದ ಎರಡು ಸಂಗತಿಗಳನ್ನು ಕಲಿಯುತ್ತೇವೆ. ತನಗೆ ಸಲ್ಲತಕ್ಕದ್ದು ಸಲ್ಲಲಿಲ್ಲವೆಂದು ಬಡವನು ಬಾಯಿಬಿಟ್ಟು ಹೇಳುವದು ಕೃತಘ್ನತೆಯಲ್ಲ, ಇದು ಮೊದಲನೆಯದು. ಆ ಮಾತನ್ನು ಕೇಳಿ ತೀರ್ಮಾನ ಮಾಡುವದು ಆತ್ಮವೂ ಜ್ಞಾನವೂ ಬೇಕಾದ ಪರಿಶುದ್ಧ ಕೆಲಸ, ಇದು ಎರಡನೆಯದು.

ಈ ಕೆಲಸವನ್ನೇ ಉದ್ಯೋಗವಾಗಿ ಮಾಡುವವರು ಈಗಿನ ಲೋಕದಲ್ಲಿ ಇದ್ದಾರೆ. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಡವರಿಗೂ ಮುದುಕರಿಗೂ ಅಂಗವಿಕಲರಿಗೂ ಸರಕಾರವು ಹಣವನ್ನೂ ಆಹಾರಸಹಾಯವನ್ನೂ ವೈದ್ಯಸಹಾಯವನ್ನೂ ಕೊಡುತ್ತದೆ. ಕಚೇರಿಯ ನೌಕರನು ಒಬ್ಬನಿಗೆ ಇಲ್ಲವೆಂದು ಹೇಳಿದರೆ, ಇಲ್ಲವೆ ಬರುತ್ತಿದ್ದದ್ದನ್ನು ನಿಲ್ಲಿಸಿದರೆ, ಅವನು ಅಪೀಲು ಮಾಡಬಹುದು. ಆ ಅಪೀಲನ್ನು ಕೇಳುವದಕ್ಕೆ ಬೇರೊಬ್ಬ ಅಧಿಕಾರಿಯು ಕೂಡ್ರುತ್ತಾನೆ. ಅವನನ್ನು ವಿಚಾರಣಾಧಿಕಾರಿ ಎನ್ನೋಣ. ಅಷ್ಟು ದೂರದ ದೇಶದ ಕಚೇರಿಯ ಸುದ್ದಿ ನಮಗೆ ಯಾಕೆ ಎಂದು ಕೇಳಬೇಡಿರಿ. ಆ ಕುರ್ಚಿಯಲ್ಲಿ ಕೂತವನ ಮನಸ್ಸಾಕ್ಷಿಯಲ್ಲಿ ಏಳುವ ಪ್ರಶ್ನೆಯು ನಮ್ಮ ಹಳ್ಳಿಯ ಸಭೆಯ ಹಿರಿಯನ ಮನಸ್ಸಾಕ್ಷಿಯಲ್ಲಿಯೂ ಏಳತಕ್ಕದ್ದಾಗಿದೆ. ಅದು ಯಾವದೆಂದರೆ: ಬಡವನ ವಿಷಯದಲ್ಲಿ ತೀರ್ಪು ಹೇಳಬೇಕಾದವನು ಕನಿಕರವನ್ನು ಹೇಗೆ ತೋರಿಸಬೇಕು?

ಮೊದಲು ಆ ಪದವಿಯು ಹೇಗೆ ಬಂತೆಂದು ತಿಳಿಯೋಣ. ಅಧ್ಯಕ್ಷ ರೂಸ್‌ವೆಲ್ಟನು ೧೯೩೫ನೆಯ ಆಗಸ್ಟ್ ೧೪ರಂದು ರುಜುಮಾಡಿದ ಸಾಮಾಜಿಕ ಭದ್ರತೆಯ ಕಾಯಿದೆಯಲ್ಲಿಯೇ ಇದರ ಬೀಜವಿತ್ತು. ಒಕ್ಕೂಟ ಸರಕಾರದ ಹಣವನ್ನು ಪಡೆದು ಮುದುಕರಿಗೆ ಸಹಾಯಮಾಡುವ ಸಂಸ್ಥಾನವು, ಬೇಡಿದ್ದು ಸಿಕ್ಕದವನಿಗೆ ನ್ಯಾಯವಾದ ವಿಚಾರಣೆಯ ಅವಕಾಶವನ್ನು ಕೊಡಬೇಕೆಂದು ಅದು ವಿಧಿಸಿತು. ಆದರೆ ಕಾಯಿದೆಯ ಪುಸ್ತಕದಲ್ಲಿ ಇದ್ದದ್ದೆಲ್ಲಾ ಬಡವನ ಮನೆಯ ಬಾಗಿಲಿಗೆ ಬರುವದಕ್ಕೆ ಕಾಲ ಹಿಡಿಯುತ್ತದೆ. ನ್ಯೂಯಾರ್ಕ್ ಪಟ್ಟಣದಲ್ಲಿ ೧೯೬೦ರ ದಶಕದ ಕೊನೆಗೆ ಇದ್ದ ಪದ್ಧತಿಯನ್ನು ನೋಡಿರಿ. ಒಂದು ಕುಟುಂಬದ ಸಹಾಯವನ್ನು ನಿಲ್ಲಿಸಬೇಕೆಂದು ನೌಕರನಿಗೆ ತೋರಿದರೆ, ಏಳು ದಿನ ಮುಂಚಿತವಾಗಿ ಚೀಟಿ ಕೊಡುವರು. ಆ ಕುಟುಂಬದವರು ಮೇಲಧಿಕಾರಿಗೆ ಕಾಗದ ಬರೆಯಬಹುದಾಗಿತ್ತು; ಎದುರಿಗೆ ನಿಂತು ಬಾಯಿಂದ ಹೇಳುವ ಹಾಗಿರಲಿಲ್ಲ. ವಿಚಾರಣೆಯು ಇದ್ದರೂ ಹಣವು ನಿಂತ ಮೇಲೆಯೇ ನಡೆಯುತ್ತಿತ್ತು.

ಜಾನ್ ಕೆಲ್ಲಿ ಎಂಬವನೂ ಅವನ ಸಂಗಡ ಬೇರೆ ಬಡವರೂ ಇದನ್ನು ನ್ಯಾಯಾಲಯಕ್ಕೆ ತಂದರು. ಗೋಲ್ಡ್‌ಬರ್ಗ್ ವಿರುದ್ಧ ಕೆಲ್ಲಿ ಎಂಬ ಆ ಮೊಕದ್ದಮೆಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ೧೯೭೦ನೆಯ ಮಾರ್ಚ್ ೨೩ರಂದು ಬಡವರ ಪಕ್ಷವಾಗಿ ತೀರ್ಪು ಹೇಳಿತು. ಐದು ನ್ಯಾಯಾಧೀಶರು ಒಪ್ಪಿದರು, ಮೂವರು ಒಪ್ಪಲಿಲ್ಲ. ತೀರ್ಪನ್ನು ಬರೆದವನು ವಿಲಿಯಂ ಬ್ರೆನನ್. ಅದರ ಸಾರವೇನಂದರೆ: ಹೊಟ್ಟೆಗೆ ಬೇರೆ ದಾರಿಯಿಲ್ಲದವನ ಸಹಾಯವನ್ನು ನಿಲ್ಲಿಸುವದಕ್ಕೆ ಮುಂಚೆಯೇ ಅವನ ಮಾತನ್ನು ಕೇಳಬೇಕು. ನಿಲ್ಲಿಸುವ ಕಾರಣವನ್ನು ಅವನಿಗೆ ತಿಳಿಸಬೇಕು. ಅವನು ಬಾಯಿಂದಲೇ ಹೇಳಿಕೊಳ್ಳುವಂತೆ ಬಿಡಬೇಕು, ಯಾಕಂದರೆ ಓದುಬರಹ ಕಡಿಮೆಯಾದವನಿಗೆ ಕಾಗದದಲ್ಲಿ ವಾದಿಸೆಂದು ಹೇಳುವದು ಅವಕಾಶ ಕೊಟ್ಟಂತಾಗದು. ಅವನಿಗೆ ವಿರೋಧವಾಗಿ ಸಾಕ್ಷಿ ಹೇಳಿದವರನ್ನು ಅವನು ಪ್ರಶ್ನಿಸಬಹುದು. ಬೇಕಾದರೆ ವಕೀಲನನ್ನು ಕರತರಬಹುದು. ತೀರ್ಪು ಹೇಳುವವನು ಮೊದಲು ಇಲ್ಲವೆಂದು ನಿರ್ಣಯಿಸಿದವರಲ್ಲಿ ಸೇರಿದವನಾಗಿರಬಾರದು. ವಿಚಾರಣೆಯಲ್ಲಿ ಕೇಳಿದ್ದರ ಮೇಲೆಯೂ ನಿಯಮದ ಮೇಲೆಯೂ ಮಾತ್ರ ಅವನು ತೀರ್ಪುಮಾಡಿ, ಅದರ ಕಾರಣಗಳನ್ನು ಹೇಳಬೇಕು.

ಒಬ್ಬನ ಮಾತನ್ನು ಕೇಳದೆ ಅವನಿಗೆ ತೀರ್ಪುಮಾಡುವದು ನಮ್ಮ ಧರ್ಮಶಾಸ್ತ್ರಕ್ಕೆ ಸರಿಯೋ ಎಂದು ನಿಕೊದೇಮನು ಫರಿಸಾಯರ ನಡುವೆ ಒಬ್ಬನೇ ನಿಂತು ಕೇಳಿದ ಪ್ರಶ್ನೆಯು ನಿಮ್ಮ ನೆನಪಿಗೆ ಬರುವದಲ್ಲವೇ? ಅದನ್ನು ಯೋಹಾನನ ಸುವಾರ್ತೆಯ ೭ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಈಗ ಆ ಕುರ್ಚಿಯಲ್ಲಿ ಒಬ್ಬ ಕ್ರೈಸ್ತನು ಕೂತಿದ್ದಾನೆಂದು ಭಾವಿಸೋಣ. ಒಬ್ಬ ಕೂಲಿಯವನು ಮಾಳಿಗೆಯಿಂದ ಬಿದ್ದು ಬೆನ್ನು ಮುರಿದುಕೊಂಡು ಅವನ ಮುಂದೆ ಬಂದಿದ್ದಾನೆ. ಆ ದೇಶದ ಅಂಗವಿಕಲರ ಸಹಾಯದ ನಿಯಮವೇನಂದರೆ, ಕೆಲಸ ಮಾಡಲಾರದ ಸ್ಥಿತಿಯು ಕಡಿಮೆಪಕ್ಷ ಹನ್ನೆರಡು ತಿಂಗಳು ಇರುವಂಥದ್ದಾಗಿರಬೇಕು, ಇಲ್ಲವೆ ಮರಣಕ್ಕೆ ಹೋಗುವಂಥದ್ದಾಗಿರಬೇಕು. ವೈದ್ಯರೆಲ್ಲರು ಇವನು ಹತ್ತು ತಿಂಗಳಲ್ಲಿ ವಾಸಿಯಾಗಿ ಕೆಲಸಕ್ಕೆ ಹೋಗುವನೆಂದು ಬರೆದಿದ್ದಾರೆ. ಹತ್ತು ತಿಂಗಳೂ ಅವನ ಮಕ್ಕಳು ಉಣ್ಣಬೇಕು. ಎದುರಿಗೆ ಕೂತ ಅವನ ಹೆಂಡತಿಯು ಸೆರಗಿಲ್ಲದ ಆ ದೇಶದ ಉಡುಪಿನಲ್ಲಿ ಕೈಯಿಂದಲೇ ಕಣ್ಣು ಒರಸಿಕೊಳ್ಳುತ್ತಾಳೆ. ಅಧಿಕಾರಿಯ ಕೈಯಲ್ಲಿ ಲೇಖಣಿ ಇದೆ. ಹತ್ತರ ಬದಲು ಹನ್ನೆರಡೆಂದು ಬರೆದರೆ ಆ ಮನೆಯಲ್ಲಿ ಒಲೆ ಉರಿಯುವದು. ಅವನು ಏನು ಮಾಡಬೇಕು?

ಬರೆಯಲಿ, ದೇವರು ಕರುಣಾಳುವಲ್ಲವೇ ಎಂದು ನಮ್ಮ ಹೃದಯವು ಹೇಳುತ್ತದೆ. ಆದರೆ ಸತ್ಯವೇದವು ಇಲ್ಲಿ ನಮ್ಮನ್ನು ತಡೆಯುತ್ತದೆ. ಯಾಜಕಕಾಂಡದ ೧೯ನೆಯ ಅಧ್ಯಾಯ ೧೫ನೆಯ ವಚನವು ನ್ಯಾಯತೀರಿಸುವವನಿಗೆ ದೊಡ್ಡವನ ಮುಖವನ್ನು ನೋಡಬೇಡವೆಂದು ಹೇಳುವಂತೆಯೇ ಬಡವನ ಪಕ್ಷವನ್ನೂ ಹಿಡಿಯಬೇಡವೆಂದು ಹೇಳುತ್ತದೆ. ಬಡವರನ್ನೂ ವಿಧವೆಯರನ್ನೂ ಅನಾಥರನ್ನೂ ಅಷ್ಟು ಸಾರಿ ನೆನಸುವ ಧರ್ಮಶಾಸ್ತ್ರವು ನ್ಯಾಯಪೀಠದ ಹತ್ತರ ಬಂದಾಗ ಯಾಕೆ ಹೀಗೆ ಹೇಳಬೇಕು? ಅದಕ್ಕೆ ಮೂರು ಕಾರಣಗಳು ನನಗೆ ತೋರುತ್ತವೆ.

ಮೊದಲನೆಯದು, ಆ ಹಣವು ಅಧಿಕಾರಿಯದಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು ಊರವರು ಹೇಳುವದುಂಟು. ಪರರ ಗಂಟಿನಿಂದ ಕೊಟ್ಟು ತಾನು ಉದಾರಿಯೆಂದು ಎಣಿಸಿಕೊಳ್ಳುವವನು ದಾನ ಮಾಡಿದವನಲ್ಲ. ಎರಡನೆಯದು, ಕನಿಕರವು ಕಣ್ಣಿಗೆ ಕಂಡವನ ಮೇಲೆ ಮಾತ್ರ ಹುಟ್ಟುತ್ತದೆ. ಅಳುವ ಕೂಸಿಗೆ ಹಾಲು ಸಿಕ್ಕುತ್ತದೆ, ಅಳಲಾರದ ಕೂಸು ಹಸಿದೇ ಮಲಗುತ್ತದೆ. ಚೆನ್ನಾಗಿ ಅಳಬಲ್ಲವನಿಗೂ ನಮ್ಮ ಭಾಷೆಯನ್ನಾಡುವವನಿಗೂ ನಮ್ಮ ಜನದವನಿಗೂ ಕರಗುವ ಹೃದಯವು, ಒರಟಾಗಿ ಮಾತಾಡುವವನಿಗೂ ಮೈ ನಾರುವವನಿಗೂ ಕರಗುವದಿಲ್ಲ. ಇವನಿಗೆ ಹನ್ನೆರಡೆಂದು ಬರೆದು, ನಾಳೆ ಬರುವ ಸಿಡುಕು ಮುಖದವನಿಗೆ ಹತ್ತೆಂದೇ ಬರೆದರೆ, ಅದು ಕರುಣೆಯಲ್ಲ, ಪಕ್ಷಪಾತ. ಮೂರನೆಯದು, ಕನಿಕರದಿಂದ ಸುಳ್ಳು ಬರೆಯಲು ಕಲಿತ ಕೈಯು ಕೋಪದಿಂದಲೂ ಸುಳ್ಳು ಬರೆಯಬಲ್ಲದು. ನಿಯಮದ ಗೋಡೆಯನ್ನು ಒಬ್ಬನಿಗೆ ಒಳ್ಳೆಯದಾಗಲೆಂದು ಒಡೆದರೆ, ಅದೇ ಕಿಂಡಿಯಿಂದ ಮತ್ತೊಬ್ಬನ ಕೇಡೂ ಒಳಗೆ ಬರುವದು.

ಹಾಗಾದರೆ ದಾವೀದನು ಹಸಿದಾಗ ಯಾಜಕರಿಗೆ ಮಾತ್ರ ಸಲ್ಲುವ ರೊಟ್ಟಿಯನ್ನು ತಿಂದದ್ದನ್ನು ಕರ್ತನು ತಾನೇ ಎತ್ತಿ ಹೇಳಿದನಲ್ಲಾ, ನಿಯಮವು ಮನುಷ್ಯನಿಗೋಸ್ಕರವಲ್ಲವೇ ಎಂದು ಒಬ್ಬರು ಕೇಳಬಹುದು. ಇದು ಹಗುರವಾದ ಪ್ರಶ್ನೆಯಲ್ಲ. ನಿಯಮವು ದುಷ್ಟವಾಗಿದ್ದರೆ ಅದಕ್ಕೆ ಕೈಹಾಕದೆ ಆ ಕುರ್ಚಿಯನ್ನು ಬಿಟ್ಟು ಏಳುವದು ಕ್ರೈಸ್ತನ ಧರ್ಮ. ಗಂಡುಕೂಸುಗಳನ್ನು ಕೊಲ್ಲೆಂದ ಫರೋಹನ ಮಾತನ್ನು ಇಬ್ರಿಯ ಸೂಲಗಿತ್ತಿಯರು ಕೇಳಲಿಲ್ಲ. ಆದರೆ ದುಷ್ಟ ನಿಯಮವು ಬೇರೆ, ಎಲ್ಲಿಯಾದರೂ ಒಂದು ಕಡೆ ಎಳೆಯಲೇಬೇಕಾದ ಗೆರೆಯು ಬೇರೆ. ಹನ್ನೆರಡು ತಿಂಗಳೆಂಬ ಗೆರೆಯನ್ನು ಹತ್ತಕ್ಕೆ ತಂದರೂ ಒಂಬತ್ತರಲ್ಲಿ ನಿಂತವನು ಅಳುವನು. ಗೆರೆಯು ತಪ್ಪಾಗಿದೆಯೆಂದು ಅಧಿಕಾರಿಗೆ ತೋರಿದರೆ ನಿಯಮ ಮಾಡುವವರಿಗೆ ಬಹಿರಂಗವಾಗಿ ತಿಳಿಸಲಿ, ಗುಟ್ಟಾಗಿ ಅಳಿಸದಿರಲಿ. ಇಷ್ಟು ಹೇಳಿದ ಮೇಲೆಯೂ ಆ ಕೂಲಿಯವನ ಮಕ್ಕಳ ಹಸಿವು ತೀರಲಿಲ್ಲವೆಂಬದು ನನಗೆ ಗೊತ್ತಿದೆ. ಅದಕ್ಕೆ ಮುಂದೆ ಬರುತ್ತೇನೆ.

ನ್ಯಾಯಪೀಠದಲ್ಲಿ ಕನಿಕರಕ್ಕೆ ಸ್ಥಳವೇ ಇಲ್ಲವೋ? ಉಂಟು. ಅದರ ಸ್ಥಳವು ಬರೆಯುವ ಕೈಯಲ್ಲಿ ಅಲ್ಲ, ಕೇಳುವ ಕಿವಿಯಲ್ಲಿ ಇದೆ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವದು ಇದೊಂದೇ.

ಯೋಬನು ತನ್ನ ಒಳ್ಳೇ ದಿನಗಳನ್ನು ನೆನಸಿ ಮಾತಾಡುವ ೨೯ನೆಯ ಅಧ್ಯಾಯದಲ್ಲಿ, ತಾನು ಅರಿಯದವನ ವ್ಯಾಜ್ಯವನ್ನು ಸಹ ತಾನೇ ಹುಡುಕಿ ವಿಚಾರಿಸುತ್ತಿದ್ದೆನೆಂದು ಹೇಳುತ್ತಾನೆ. ಅಮೇರಿಕದ ಸಾಮಾಜಿಕ ಭದ್ರತೆಯ ವಿಚಾರಣೆಗಳಲ್ಲಿಯೂ ಇದೇ ಪದ್ಧತಿ ಇದೆ. ಅಲ್ಲಿ ಸಾಮಾನ್ಯವಾಗಿ ಸರಕಾರದ ಪರವಾಗಿ ವಾದಿಸುವ ವಕೀಲನು ಇರುವದಿಲ್ಲ. ಅರ್ಜಿದಾರನಿಗೆ ಅನುಕೂಲವಾದದ್ದನ್ನೂ ಪ್ರತಿಕೂಲವಾದದ್ದನ್ನೂ ವಿಚಾರಿಸುವವನೇ ಹುಡುಕಿ ತೆಗೆಯಬೇಕು. ಸರ್ವೋಚ್ಚ ನ್ಯಾಯಾಲಯದ ೨೦೦೦ನೆಯ ವರುಷದ ಒಂದು ತೀರ್ಪಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದೆ.

ಹುಡುಕುವದೆಂದರೆ ಏನು? ಬಡವನಿಗೆ ನಾಚಿಕೆಯುಂಟು. ನಡೆಯಬಲ್ಲೆಯಾ ಎಂದು ಕೇಳಿದರೆ, ಹೆಂಡತಿಯ ಮುಂದೆ ಆಗದೆಂದು ಹೇಳಲಾರದೆ, ನಡೆಯಬಲ್ಲೆನು ಎನ್ನುತ್ತಾನೆ. ಅವಸರದ ಅಧಿಕಾರಿಯು ಹಾಗೆಯೇ ಬರೆದುಕೊಂಡು ಪುಸ್ತಕವನ್ನು ಮುಚ್ಚುತ್ತಾನೆ. ತಾಳ್ಮೆಯುಳ್ಳವನು ಇನ್ನೂ ಕೇಳುತ್ತಾನೆ: ಎಷ್ಟು ದೂರ ನಡೆಯುವಿ? ನಡೆದ ಮೇಲೆ ಎಷ್ಟು ಹೊತ್ತು ಮಲಗುವಿ? ನಿನ್ನ ಪಾದರಕ್ಷೆಯನ್ನು ಯಾರು ಹಾಕಿಕೊಡುತ್ತಾರೆ? ಆಗ ನಿಜವು ಹೊರಗೆ ಬರುತ್ತದೆ. ಹತ್ತು ತಿಂಗಳೆಂದು ಬರೆದ ವೈದ್ಯನು ರೋಗಿಯನ್ನು ಕೊನೆಗೆ ನೋಡಿದ್ದು ಯಾವಾಗ? ಆಮೇಲೆ ಕಾಲು ಜೋಮು ಹಿಡಿಯಿತೆಂಬದು ಅವನಿಗೆ ತಿಳಿದಿತ್ತೋ? ಹೀಗೆ ಕೇಳಿದಾಗ ಎಷ್ಟೋ ಸಾರಿ ನಿಯಮವೂ ಕನಿಕರವೂ ಒಂದೇ ಕಡೆ ನಿಂತದ್ದು ಕಾಣುವದು; ಅಡ್ಡವಾಗಿದ್ದದ್ದು ಅಜ್ಞಾನ ಮಾತ್ರ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಲೋಕದ ಗಾದೆಯಂತೆ, ಕಾಯಿದೆಯು ಕೊಟ್ಟದ್ದನ್ನು ನೌಕರನ ಅವಸರವು ತಡೆದಿರುತ್ತದೆ. ಸುಳ್ಳು ಬರೆದು ಕೊಡುವದಕ್ಕೆ ಒಂದು ಗಳಿಗೆ ಸಾಕು. ನಿಜವನ್ನು ಹುಡುಕಿ ಕೊಡುವದಕ್ಕೆ ದಿನವೆಲ್ಲಾ ಬೇಕು. ಪ್ರೀತಿಗೆ ಬೆಲೆ ತಗಲುವದು ಇಲ್ಲಿಯೇ.

ಕೇಳದೆ ಹೋದರೆ ಏನಾಗುವದು? ಜಾರ್ಜ್ ಎಲ್ಡ್ರಿಜ್ ಎಂಬವನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ೧೯೭೬ರಲ್ಲಿ, ಅಂಗವಿಕಲರ ವಿಮೆಯ ಹಣವು ಬಡತನವನ್ನು ನೋಡಿ ಕೊಡುವಂಥದ್ದಲ್ಲವಾದ್ದರಿಂದಲೂ ವೈದ್ಯರ ಬರಹದ ಮೇಲೆ ಹೆಚ್ಚಾಗಿ ನಿಂತದ್ದಾದ್ದರಿಂದಲೂ, ಅದನ್ನು ಮೊದಲು ನಿಲ್ಲಿಸಿ ಎದುರುವಿಚಾರಣೆಯನ್ನು ಆಮೇಲೆ ಮಾಡಬಹುದೆಂದು ಹೇಳಿತು. ಬ್ರೆನನ್ ನ್ಯಾಯಾಧೀಶನು ಒಪ್ಪಲಿಲ್ಲ. ಹಣ ನಿಂತದ್ದರಿಂದ ಎಲ್ಡ್ರಿಜನ ಮನೆಯು ಸಾಲದವರ ಪಾಲಾಯಿತು, ಸಾಮಾನುಗಳು ಹೋದವು, ಗಂಡ ಹೆಂಡತಿ ಮಕ್ಕಳೆಲ್ಲರೂ ಒಂದೇ ಹಾಸಿಗೆಯಲ್ಲಿ ಮಲಗಬೇಕಾಯಿತು ಎಂದು ಅವನು ತನ್ನ ಭಿನ್ನಾಭಿಪ್ರಾಯದಲ್ಲಿ ಬರೆದಿಟ್ಟನು. ನಾಳೆ ಕೇಳೋಣ ಎಂಬ ಮಾತು ಕೇಳುವವನಿಗೆ ಹಗುರ, ಕಾಯುವವನಿಗೆ ಭಾರ.

ಪ್ರಿಯರೇ, ಇಷ್ಟೆಲ್ಲಾ ಬರೆಯುವದಕ್ಕೆ ನನಗೊಂದು ಕಾರಣವುಂಟು, ಅದನ್ನು ಅರಿಕೆಮಾಡುತ್ತೇನೆ. ನಾನು ಒಂದು ಹಳ್ಳಿಯ ಸಭೆಯಲ್ಲಿ ಹಿರಿಯನಾಗಿದ್ದಾಗ ಬಡವರ ನಿಧಿಯ ಲೆಕ್ಕವು ನನ್ನ ಕೈಯಲ್ಲಿತ್ತು. ಮಳೆಗಾಲಕ್ಕೆ ಮುಂಚೆ ಒಬ್ಬ ವಿಧವೆಯು ಮನೆಯ ಮಾಡನ್ನು ಹೊದಿಸುವದಕ್ಕೆ ಸಹಾಯ ಕೇಳಿದಳು. ನಾವು ಹಿರಿಯರು ಕೂಡಿದಾಗ ಒಬ್ಬರು, ಆಕೆಯ ಮಗನು ಪಟ್ಟಣದ ಹೋಟೆಲಿನಲ್ಲಿ ದುಡಿದು ತಿಂಗಳು ತಿಂಗಳು ಹಣ ಕಳುಹಿಸುತ್ತಾನಲ್ಲಾ ಎಂದರು. ಹೌದೆಂದು ಎಲ್ಲರೂ ತಲೆದೂಗಿದೆವು. ಆಕೆ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ಒಳಗೆ ಕರೆಯೋಣವೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಈ ಸಾರಿ ಆಗುವದಿಲ್ಲವೆಂದು ನಾನೇ ಹೊರಗೆ ಹೋಗಿ ಹೇಳಿದೆನು. ಆಕೆ ಏನೂ ಹೇಳದೆ ಎದ್ದು ಹೋದಳು. ಆಷಾಢದ ಮಳೆಯಲ್ಲಿ ಆ ಮನೆಯ ಹಿಂಗೋಡೆಯು ಕುಸಿಯಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲವೆಂಬದು ದೇವರ ಕೃಪೆ, ನಮ್ಮ ಪುಣ್ಯವಲ್ಲ. ಮಗನು ಕಾಯಿಲೆ ಬಿದ್ದು ಎಂಟು ತಿಂಗಳಿಂದ ಒಂದು ಕಾಸೂ ಕಳುಹಿಸಿರಲಿಲ್ಲವೆಂದು ಆಗ ತಿಳಿಯಿತು.

ನಾನು ಕ್ಷಮೆ ಬೇಡುವದಕ್ಕೆ ಹೋದಾಗ ಆಕೆ ಹೇಳಿದ್ದು ಇಷ್ಟೇ: “ಅಯ್ಯಾ, ಇಲ್ಲ ಅಂದದ್ದಕ್ಕೆ ನನಗೆ ಬೇಸರವಿಲ್ಲ. ಒಳಗೆ ಕರೆದು ಒಂದು ಮಾತು ಕೇಳಲಿಲ್ಲವಲ್ಲಾ.”

ಸರಕಾರದ ಕಚೇರಿಯು ತನ್ನ ಬಡವರಿಗೆ ಕೊಡಲೇಬೇಕೆಂದು ೧೯೭೦ರಲ್ಲಿ ತೀರ್ಪಾದದ್ದನ್ನು ಕ್ರಿಸ್ತನ ಹೆಸರಿನಿಂದ ಕೂಡಿದ ನಾವು ನಮ್ಮ ಬಡವಳಿಗೆ ಕೊಡಲಿಲ್ಲ. ನಮ್ಮಲ್ಲಿ ಯಾರೂ ಕಠಿಣರಾಗಿರಲಿಲ್ಲ. ಕರೆದು ಕೇಳಿದ್ದರೆ ಎಲ್ಲರೂ ಮರುಗುತ್ತಿದ್ದೆವು. ಕನಿಕರವಿತ್ತು, ಕಿವಿ ಇರಲಿಲ್ಲ.

ಆದಕಾರಣ ಸಭೆಯ ಹಿರಿಯರಿಗೆ ನನ್ನ ಬಿನ್ನಹವೇನಂದರೆ: ಬೇಡಲು ಬಂದವರನ್ನು ಒಳಗೆ ಕರೆದು ಕೂಡ್ರಿಸಿರಿ. ಅವರ ವಿಷಯವಾಗಿ ಕೇಳಿದ ಸುದ್ದಿಯನ್ನು ಅವರ ಎದುರಿಗೇ ಹೇಳಿ, ಇದು ನಿಜವೋ ಎಂದು ವಿಚಾರಿಸಿರಿ. ಅವರ ಸಂಗಡ ಜಗಳವಿರುವವನು ಆ ಹೊತ್ತು ಎದ್ದು ಹೊರಗೆ ಹೋಗಲಿ. ಇಲ್ಲವೆಂದು ಹೇಳಬೇಕಾದರೆ ಕಾರಣವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿರಿ. ಸಭೆಯಲ್ಲಿ ಓದುಬರಹ ಬಲ್ಲ ಯೌವನಸ್ಥರಿಗೂ ಒಂದು ಮಾತು. ನಮ್ಮ ದೇಶದ ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು, ಸಲ್ಲತಕ್ಕ ಪಡಿತರ ಧಾನ್ಯವು ಸಿಕ್ಕದವರ ದೂರನ್ನು ಕೇಳುವದಕ್ಕೆ ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿಯನ್ನೂ, ಅವನ ತೀರ್ಪಿನ ಮೇಲೆ ಅಪೀಲು ಕೇಳುವದಕ್ಕೆ ರಾಜ್ಯ ಆಹಾರ ಆಯೋಗವನ್ನೂ ಏರ್ಪಡಿಸಿದೆ. ಬರೆಯಲಾರದ ನೆರೆಯವನ ದೂರನ್ನು ಬರೆದುಕೊಡುವದು ತಣ್ಣೀರು ಕೊಟ್ಟಂಥ ಸೇವೆಯೇ. ಅವನು ಯಾವ ಮತದವನೆಂದು ನೋಡಬೇಡಿರಿ.

ಇನ್ನು ಆ ಕೂಲಿಯವನ ಮಾತು ಉಳಿದಿದೆ. ಎಲ್ಲಾ ಹುಡುಕಿದ ಮೇಲೆಯೂ ಹತ್ತೇ ತಿಂಗಳೆಂಬದು ನಿಜವಾದರೆ ಅಧಿಕಾರಿಯು ಇಲ್ಲವೆಂದೇ ಬರೆಯಬೇಕು. ಬರೆಯುವಾಗ ಅವನನ್ನು ಮೋಸಗಾರನೆಂಬಂತೆ ಬರೆಯದಿರಲಿ. ಬೇರೆ ಯಾವ ಬಾಗಿಲು ತೆರೆದಿದೆಯೆಂದು ತೋರಿಸಲಿ. ಆ ಇಲ್ಲವೆಂಬ ಮಾತಿನ ಭಾರವನ್ನು ಮನೆಗೆ ಹೊತ್ತುಕೊಂಡು ಹೋಗಲಿ; ಅದು ಭಾರವಾಗಿ ತೋರದ ದಿನ ಅವನು ಆ ಕುರ್ಚಿಗೆ ತಕ್ಕವನಲ್ಲ. ಆದರೆ ನಿಯಮದ ಗೆರೆಯು ಮುಗಿದ ಸ್ಥಳದಲ್ಲಿ ನೆರೆಯವನ ಅಂಗಳವು ಆರಂಭವಾಗುತ್ತದೆ. ಸರಕಾರದ ಪೆಟ್ಟಿಗೆಗೆ ಹನ್ನೆರಡು ತಿಂಗಳ ಸಾಕ್ಷಿ ಬೇಕು, ನನ್ನ ಮಡಕೆಯ ಅಕ್ಕಿಗೆ ಯಾವ ಸಾಕ್ಷಿಯೂ ಬೇಡ. ಸಮಾರ್ಯದವನು ಗಾಯಪಟ್ಟವನಿಗೋಸ್ಕರ ತೆಗೆದದ್ದು ತನ್ನ ಸ್ವಂತ ಎರಡು ನಾಣ್ಯಗಳನ್ನು. ಹೀಗಿರುವದರಿಂದ, ಸಭೆಯು ತನ್ನ ಪಕ್ಕದ ಬೀದಿಯಲ್ಲಿ ಇದ್ದರೆ ಆ ಕೂಲಿಯವನ ಮಕ್ಕಳು ಹತ್ತು ತಿಂಗಳು ಹಸಿಯಬೇಕಾಗಿಲ್ಲ. ಹಸಿದರೆ, ದೋಷವು ಅಧಿಕಾರಿಯ ಲೇಖಣಿಯದಲ್ಲ, ನಮ್ಮದು.

ನಾವೆಲ್ಲರೂ ಒಂದು ದಿನ ಒಂದು ನ್ಯಾಯಪೀಠದ ಮುಂದೆ ನಿಲ್ಲಬೇಕಾದವರು. ಅಲ್ಲಿ ನಮಗೆ ಸಲ್ಲತಕ್ಕದ್ದನ್ನೇ ಕೊಡೆಂದು ಕೇಳುವ ಧೈರ್ಯ ಯಾರಿಗಿದೆ? ಆ ನ್ಯಾಯಾಧಿಪತಿಯು ನಿಯಮವನ್ನು ಗುಟ್ಟಾಗಿ ಅಳಿಸಲಿಲ್ಲ, ಅದರ ಬೆಲೆಯನ್ನು ತನ್ನ ಸ್ವಂತ ಮಗನಲ್ಲಿ ತೆತ್ತನು. ನಮ್ಮ ತೊದಲು ಮಾತನ್ನು ಇಂದಿಗೂ ಬೇಸರವಿಲ್ಲದೆ ಕೇಳುತ್ತಿದ್ದಾನೆ. ಹಾಗೆ ಕೇಳಲ್ಪಟ್ಟವರಾದ ನಾವು, ನಮ್ಮ ಜಗಲಿಯ ಮೇಲೆ ಕೂತಿರುವವರನ್ನು ಒಳಗೆ ಕರೆಯೋಣ. ಅದಕ್ಕೆ ಬೇಕಾದ ತಾಳ್ಮೆಯನ್ನೂ ಕಿವಿಯನ್ನೂ ಕರ್ತನು ನಮಗೆ ಅನುಗ್ರಹಿಸಲಿ. ಆಮೆನ್.